ಅಜ್ಜನ ವಾಲ್ವ್ ರೇಡಿಯೊ: ಹತ್ತು ನಿಮಿಷಕ್ಕೆ ದನಿ ಒಡೆದು ಸುಟ್ಟ ವಾಸನೆ. ರಿಪೇರಿ ಮಾಡಿಸಲಾ, ಬ್ಲೂಟೂತ್ ಹಾಕಿಸಲಾ?

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ರೇಡಿಯೊ ಇತ್ತು, ಕೆಳಗೆ ಇಳಿಸಿದ್ದೇನೆ. ಮರದ ಪೆಟ್ಟಿಗೆ, ಗಾಜಿನ ಡಯಲ್, ಅದರ ಮೇಲೆ ಸಿಲೋನ್, ಡೆಲ್ಲಿ, ಕರಾಚಿ ಅಂತ ಊರುಗಳ ಹೆಸರು. ಕಂಪನಿ ಹೆಸರಿನ ಪಟ್ಟಿ ಬಿದ್ದುಹೋಗಿದೆ. ಹಿಂದಿನ ಹಲಗೆ ತೆಗೆದರೆ ನಾಲ್ಕು ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮುಂಚಿನ, ಗಾಜಿನ ಬಲ್ಬಿನಂಥವು): ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85.

ಧೂಳು ಹೊಡೆದು ಪ್ಲಗ್ ಹಾಕಿದೆ. ಸ್ವಲ್ಪ ಹೊತ್ತು ಗುಂಯ್ ಅಂದು ಆಮೇಲೆ ಧಾರವಾಡ ಸ್ಟೇಷನ್ ಬಂತು! ಮನೆಯವರೆಲ್ಲ ಓಡಿ ಬಂದರು. ಆದರೆ ಹತ್ತು ನಿಮಿಷ ಆಗುವಷ್ಟರಲ್ಲಿ ದನಿ ಗೊಗ್ಗರಾಯಿತು, ಒಡೆಯಿತು, ಮೇಣ ಕಾದಂಥ ವಾಸನೆ ಬಂತು. ಆಫ್ ಮಾಡಿಬಿಟ್ಟೆ.

ಪೇಟೆಯ ರಿಪೇರಿ ಅಂಗಡಿಯವರು "ವಾಲ್ವ್ ಈಗ ಎಲ್ಲೂ ಸಿಗಲ್ಲ, ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಕಿಟ್ ಹಾಕಿಕೊಡ್ತೀನಿ" ಅಂದರು. ಅಮ್ಮ ಬೇಡ ಅಂತಿದ್ದಾರೆ. ನನಗೆ ಸೋಲ್ಡರಿಂಗ್ ಬರುತ್ತೆ, ಮಲ್ಟಿಮೀಟರ್ ಇದೆ. ವಾಲ್ವ್ ಕೆಲಸ ಹೊಸದು. ಏನು ಮಾಡಲಿ?

ಚಿಕ್ಕಪೇಟೆ ಕಿಟ್ಟಿ:
ಬ್ಲೂಟೂತ್ ಹಾಕಿಸಿ. ದಿನಾ ಬಳಕೆಗಾದರೂ ಬರುತ್ತೆ.

ಜಾಲಹಳ್ಳಿ ಹಳಬ:
ಕಿಟ್ಟಿ ಅವರೇ, ಧಾರವಾಡ ಹಿಡಿದು ಹಾಡಿದ ಸೆಟ್ಟು ಅದು. ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗಿಸುವ ಕಂಡೆನ್ಸರ್), ಕಾಯಿಲ್, ಸಿಗ್ನಲ್ ಸೋಸುವ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಾದ ಐಎಫ್‌ಟಿ, ನಾಲ್ಕೂ ವಾಲ್ವ್, ಸ್ಪೀಕರ್ ಎಲ್ಲ ಬದುಕಿವೆ ಅಂತ ಅರ್ಥ ಅಲ್ವಾ? ಅದನ್ನು ಕಿತ್ತು ಬಿಸಾಕುವ ಮಾತು ಯಾಕೆ?

ಹೊಳೆಸಾಲು ಅವರೇ, ಮೊದಲ ಮಾತು: ಇನ್ನೊಮ್ಮೆ ಪ್ಲಗ್ ಹಾಕಬೇಡಿ. ನೀವು ಬರೆದ ಲಕ್ಷಣ ನೋಡಿದರೆ ನೂರಕ್ಕೆ ತೊಂಬತ್ತು ಪಾಲು ಇದು ಕಪ್ಲಿಂಗ್ ಕಂಡೆನ್ಸರ್. ಯುಸಿಎಲ್ 82ರ ಒಳಗೆ ಎರಡು ವಾಲ್ವ್ ಇವೆ, ಮೊದಲು ದನಿ ಹಿಗ್ಗಿಸುವ ಟ್ರಯೋಡ್ ಒಂದು, ಸ್ಪೀಕರ್ ನಡೆಸುವ ಪೆಂಟೋಡ್ ಒಂದು. ಟ್ರಯೋಡಿನ ಆನೋಡ್, ಅಂದರೆ ಹಿಗ್ಗಿದ ದನಿ ಹೊರಬರುವ ತುದಿ, 9ನೇ ಪಿನ್. ಪೆಂಟೋಡಿನ ಗ್ರಿಡ್, ಅಂದರೆ ಅದರ ಕರೆಂಟನ್ನು ಹತೋಟಿಯಲ್ಲಿಡುವ ತುದಿ, 3ನೇ ಪಿನ್. ಇವೆರಡರ ಮಧ್ಯೆ ಒಂದು ಪೇಪರ್ ಕಂಡೆನ್ಸರ್ ಇರುತ್ತೆ, ಸಾಮಾನ್ಯವಾಗಿ 0.01 ಅಥವಾ 0.022 ಮೈಕ್ರೋಫ್ಯಾರಡ್. ಅದರ ಕೆಲಸ ಹಾಡನ್ನು ಬಿಡೋದು, ಡಿಸಿ ವೋಲ್ಟೇಜನ್ನು ತಡೆಯೋದು. ಒಳಗಿನ ಕಾಗದ ಇಷ್ಟು ವರ್ಷದಲ್ಲಿ ತೇವ ಹೀರಿದೆ, ಡಿಸಿ ಸೋರುತ್ತಿದೆ. ಗ್ರಿಡ್‌ಗೆ ಪಾಸಿಟಿವ್ ಸೇರಿದ ಕೂಡಲೇ ಪೆಂಟೋಡ್ ಮಿತಿಮೀರಿ ಕರೆಂಟ್ ಎಳೆಯುತ್ತೆ. ಕಾದಷ್ಟೂ ಸೋರಿಕೆ ಜಾಸ್ತಿ. ಅದಕ್ಕೇ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದು.

ಹಾಗೇ ಬಿಟ್ಟರೆ ಸ್ಪೀಕರಿಗೆ ದನಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುಟ್ಟುಹೋಗುತ್ತೆ. ಹತ್ತಿಪ್ಪತ್ತು ರೂಪಾಯಿಯ ಕಂಡೆನ್ಸರ್ ಹಾಕದೆ ಟ್ರಾನ್ಸ್‌ಫಾರ್ಮರ್ ಕಳಕೊಂಡ ಸೆಟ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕುಂದಾಪ್ರ ಮಾಣಿ:
ಸರಿಯಾಗಿ ಹೇಳಿದ್ರಿ. ಮೇಣದ ವಾಸನೆ ಅಂದ ಕೂಡಲೇ ನನಗೂ ಅದೇ ಅನ್ನಿಸ್ತು ಮಾರಾಯ್ರೇ. ನಮ್ಮ ಕರಾವಳಿಯ ತೇವಕ್ಕೆ ಪೇಪರ್ ಕಂಡೆನ್ಸರ್ ಒಂದೂ ಉಳಿಯೋದಿಲ್ಲ.

ವೈರ್‌ಮ್ಯಾನ್ ಮಂಡ್ಯ:
ಒಂದು 100 ವ್ಯಾಟ್ ಬಲ್ಬ್ ಸೀರೀಸಲ್ಲಿ ಹಾಕಿಕೊಂಡು ಕೆಲಸ ಮಾಡಿ. ಶಾಕೂ ಹೊಡೆಯಲ್ಲ, ಏನೂ ಸುಡಲ್ಲ.

ಜಾಲಹಳ್ಳಿ ಹಳಬ:
ಮಂಡ್ಯದವರೇ, ಅರ್ಧ ಸರಿ. ಸೀರೀಸ್ ಬಲ್ಬ್ ಸೆಟ್ಟನ್ನು ಕಾಪಾಡುತ್ತೆ, ಮನುಷ್ಯನನ್ನು ಕಾಪಾಡಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಸೆಟ್ ಉಳಿಯುತ್ತೆ. ಕೈ ತಾಗಿದರೆ ಮಾತ್ರ ಶಾಕ್ ಶಾಕೇ. ಜೀವ ತೆಗೆಯುವಷ್ಟು ಕರೆಂಟ್ ಆ ಬಲ್ಬಿನ ಮೂಲಕ ಆರಾಮಾಗಿ ಹರಿಯುತ್ತೆ.

ಯುಸಿಎಚ್, ಯುಸಿಎಲ್ ಅಂತ ಯು ಅಕ್ಷರದಿಂದ ಶುರುವಾಗುವ ವಾಲ್ವ್ ಇದ್ದರೆ ಅದು ಎಸಿ-ಡಿಸಿ ಸೆಟ್. ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರಲ್ಲ. ಕರೆಂಟಿನ ಒಂದು ವೈರ್ ನೇರ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ತಗಡಿನ ಚಾಸಿ ಪೂರ್ತಿ ಫೇಸ್. ಸ್ವಿಚ್ ಆಫ್ ಮಾಡಿದರೂ ಕೆಲವು ಸೆಟ್ಟುಗಳಲ್ಲಿ ವಾಲ್ವ್ ಕಾಯಿಸುವ ಹೀಟರ್‌ಗಳ ಮೂಲಕ ಫೇಸ್ ಚಾಸಿಗೆ ಬಂದಿರುತ್ತೆ. ನಾಬ್ ಕೂರಿಸುವ ಸಣ್ಣ ಸ್ಕ್ರೂ ಮೇಲೆ ಮೇಣ ತುಂಬಿರೋದನ್ನು ನೋಡಿದ್ದೀರಾ? ಬೆರಳಿಗೆ ಆ ಸ್ಕ್ರೂ ತಾಗಬಾರದು ಅಂತ ಕಾರ್ಖಾನೆಯಲ್ಲೇ ತುಂಬುತ್ತಿದ್ದರು.

ಆದ್ದರಿಂದ 230 ವೋಲ್ಟಿಗೆ 230 ವೋಲ್ಟನ್ನೇ ಕೊಟ್ಟು, ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 100 ವಿಎ ಸಾಕು. ಅದಿಲ್ಲದೆ ಹಿಂದಿನ ಹಲಗೆ ತೆಗೆದು ಕರೆಂಟ್ ಕೊಡಬೇಡಿ.

ಹೊಳೆಸಾಲು:
ಅಯ್ಯೋ, ಇದು ಗೊತ್ತಿರಲಿಲ್ಲ. ಅಜ್ಜಿ ಮೊದಲಿಂದಲೂ ಹೇಳ್ತಾರೆ, ಏರಿಯಲ್ ಜಾಲರಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು ಅಂತ. ರೇಡಿಯೊ ಅಲೆ ಬರೋದು ಹಾಗೆ ಅಂತ ಅಜ್ಜ ಸಮಾಧಾನ ಮಾಡುತ್ತಿದ್ದರಂತೆ.

ಜಾಲಹಳ್ಳಿ ಹಳಬ:
ಜುಮ್ ಅಂದದ್ದು ಮೇನ್ಸ್ ಕರೆಂಟ್ ತಾಯಿ. ಏರಿಯಲ್ ಸಾಕೆಟ್ಟಿಗೂ ಕಾಯಿಲಿಗೂ ಮಧ್ಯೆ ಒಂದು ಕಂಡೆನ್ಸರ್ ಇರುತ್ತೆ, ಚಾಸಿಯ ಕರೆಂಟ್ ಏರಿಯಲ್ಲಿಗೆ ಹೋಗದ ಹಾಗೆ. ಅದು ಸೋರಿದರೆ ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿಯೆಲ್ಲ ಲೈವ್. ಅಲ್ಲಿಗೆ ವೈ ವರ್ಗದ ಸೇಫ್ಟಿ ಕಂಡೆನ್ಸರನ್ನೇ ಹಾಕಬೇಕು. ಮೇನ್ಸ್‌ಗೆ ಅಡ್ಡ ಇರುವ ಕಂಡೆನ್ಸರ್ ಜಾಗಕ್ಕೆ ಎಕ್ಸ್2, 275 ವೋಲ್ಟ್ ಎಸಿಯದ್ದು. ಬೇರೆ ಯಾವುದೂ ಬೇಡ.

ಚಿಕ್ಕಪೇಟೆ ಕಿಟ್ಟಿ:
ನೋಡಿ, ನೀವೇ ಹೇಳ್ತಿದ್ದೀರಿ ಇಷ್ಟು ಅಪಾಯ ಅಂತ. ಮಕ್ಕಳಿರುವ ಮನೆ ಆದರೆ? ಅದಕ್ಕೇ ಕಿಟ್ ಹಾಕಿಸಿ ಅಂದದ್ದು. ಪೆಟ್ಟಿಗೆ ಚೆಂದ ಇದ್ದೇ ಇರುತ್ತೆ. ಮೀಡಿಯಂ ವೇವ್ ಸ್ಟೇಷನ್ನುಗಳೂ ಒಂದೊಂದಾಗಿ ನಿಲ್ಲುತ್ತಿವೆ, ಶಾರ್ಟ್ ವೇವಲ್ಲಿ ಕೇಳೋಕೆ ಏನೂ ಉಳಿದಿಲ್ಲ. ಕೇಳೋಕೆ ಏನಿದೆ ಅಂತ ಇಷ್ಟು ಕಷ್ಟ?

ಸಾಧನಕೇರಿ:
ಕಿಟ್ಟಿ ಅವರ, ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್ ಹಚ್ಚಿ ಕೇಳ್ರಿ. 1950ರಾಗ ಶುರು ಆದ ಕೇಂದ್ರ ಅದು. ನಮ್ಮ ಮನ್ಯಾಗ ಇವತ್ತಿಗೂ ಮುಂಜಾನೆ ಅದ ಹಚ್ಚೋದು. ವಾಲ್ವ್ ಸೆಟ್ಟಿನ ದೊಡ್ಡ ಸ್ಪೀಕರಿನ್ಯಾಗ ಸಾರಂಗಿ, ತಬಲಾ ಕೇಳಿದವರು ಮೊಬೈಲಿನ ದನಿ ಒಪ್ಪೂದಿಲ್ರಿ.

ಮೈಸೂರು ಪಾಕು:
ಮಾತು ಬಂತು ಅಂತ ಹೇಳ್ತೀನಿ, ನಮ್ಮ ಮೈಸೂರಿನಲ್ಲಿ 1935ರಲ್ಲೇ ರೇಡಿಯೊ ಶುರುವಾಗಿತ್ತು. ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಮೇಷ್ಟ್ರು. ತಮ್ಮ ಮನೆ ವಿಠ್ಠಲ ವಿಹಾರದಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಮಾಡಿದರು. ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದಲೇ ದೇಶಕ್ಕೆಲ್ಲ ಹೋಗಿದ್ದು. ಇಂಥ ಊರವರು ವಾಲ್ವ್ ಸೆಟ್ ಕಿತ್ತು ಬಿಸಾಕಿ ಅನ್ನಬಾರದು.

ಚಿಕ್ಕಪೇಟೆ ಕಿಟ್ಟಿ:
ನಾನು ಮೈಸೂರಿನವನಲ್ಲ ಸ್ವಾಮಿ, ಬೆಂಗಳೂರಿನವನು. ಮತ್ತೆ 612ರಲ್ಲಿ ಬೆಂಗಳೂರು ಹಾಕಿದರೆ ಮನೆಯಲ್ಲಿ ಬರೀ ಗರಗರ. ಅದನ್ನು ಕೇಳಿ ಅಂತೀರಾ?

ಎಸ್‌ಪಿ ರೋಡ್ ಶಿವು:
ಗರಗರ ರೇಡಿಯೊದ್ದಲ್ಲ. ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲ ಆಫ್ ಮಾಡಿ ನೋಡಿ. ಒಂದೊಂದೇ ಹಾಕುತ್ತಾ ಬನ್ನಿ, ಕಳ್ಳ ಸಿಕ್ಕಿಬೀಳ್ತಾನೆ. ಇನ್ನು ಸ್ಟೇಷನ್ನಿನವರು ಅದೇ ಜಾಗದಲ್ಲಿ ಡಿಜಿಟಲ್ ಪ್ರಸಾರ ಮಾಡುವಾಗಲೂ ಹಳೇ ಸೆಟ್ಟಲ್ಲಿ ಗೊರ್ ಅಂತಷ್ಟೇ ಕೇಳುತ್ತೆ. ಅದಕ್ಕೆ ಏನೂ ಮಾಡೋಕಾಗಲ್ಲ.

ಹೊಳೆಸಾಲು ಮೇಡಂ, ಸಾಮಾನು ಇಲ್ಲಿ ಎಸ್‌ಪಿ ರೋಡಿನಲ್ಲೇ ಸಿಗುತ್ತೆ. 0.01, 0.022, 0.047, 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕಂಡೆನ್ಸರ್, ಎಲ್ಲ 630 ವೋಲ್ಟಿನದ್ದು ಕೇಳಿ. ಗುಂಯ್ ತಡೆಯುವ ಫಿಲ್ಟರ್‌ಗೆ 47 ಮೈಕ್ರೋಫ್ಯಾರಡ್ 450 ವೋಲ್ಟ್ ಎರಡು. ಎಲ್ಲ ಸೇರಿ ಕೆಲವು ನೂರು ರೂಪಾಯಿ.

ನ್ಯೂಜರ್ಸಿ ನಾಗ:
ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮ ತಂದೆಯ ಸೆಟ್ಟೂ ಇದೇ ನಾಲ್ಕು ವಾಲ್ವಿನದು, ಇಲ್ಲಿಗೆ ತಂದಿದ್ದೇನೆ. ಇಲ್ಲಿ 120 ವೋಲ್ಟ್. ನೇರ ಹಾಕಬಹುದಾ?

ಜಾಲಹಳ್ಳಿ ಹಳಬ:
ಬೇಡ. ಲೆಕ್ಕ ನೋಡಿ. ಯು ಸಾಲಿನ ವಾಲ್ವುಗಳ ಹೀಟರ್ ಎಲ್ಲ ಸೀರೀಸಲ್ಲಿ ಇರುತ್ತೆ, 100 ಮಿಲಿಆಂಪ್ ಹರಿಯುತ್ತೆ. ಯುಸಿಎಚ್ 81ಕ್ಕೆ 19 ವೋಲ್ಟ್, ಯುಬಿಎಫ್ 89ಕ್ಕೆ 19, ಯುಸಿಎಲ್ 82ಕ್ಕೆ 50, ಯುವೈ 85ಕ್ಕೆ 38. ಒಟ್ಟು 126. ಅಂದರೆ ನಿಮ್ಮ 120 ವೋಲ್ಟ್ ಹೀಟರ್‌ಗೇ ಸಾಲದು. ನಮ್ಮ 230ರಲ್ಲಿ ಉಳಿದ 104 ವೋಲ್ಟನ್ನು ಡ್ರಾಪರ್ ರೆಸಿಸ್ಟರ್ ತಿನ್ನುತ್ತೆ, ಸುಮಾರು 10 ವ್ಯಾಟ್ ಬರೀ ಶಾಖ. ಡ್ರಾಪರ್ ಮುಟ್ಟಬೇಡಿ. ಒಳ್ಳೆಯ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಎರಡು ಸುತ್ತು ಬೇರೆ ಬೇರೆ ಇರುವುದೇ ಬೇಕು, ಆಟೊ ಟ್ರಾನ್ಸ್‌ಫಾರ್ಮರ್ ಆದರೆ ಐಸೊಲೇಷನ್ ಸಿಗಲ್ಲ.

ವೈರ್‌ಮ್ಯಾನ್ ಮಂಡ್ಯ:
ಯುಸಿಎಲ್ 82 ಸಿಗದೇ ಇದ್ದರೆ ಇಸಿಎಲ್ 82 ಹಾಕಬಹುದಲ್ಲ? ಪಿನ್ ಎಲ್ಲ ಒಂದೇ.

ಎಸ್‌ಪಿ ರೋಡ್ ಶಿವು:
ಪಿನ್ ಒಂದೇ, ಹೀಟರ್ ಬೇರೆ. ಇಸಿಎಲ್ 82ಕ್ಕೆ 6.3 ವೋಲ್ಟ್, 780 ಮಿಲಿಆಂಪ್ ಬೇಕು. 100 ಮಿಲಿಆಂಪಿನ ಸಾಲಿನಲ್ಲಿ ಅದು ಕೆಂಪಗೂ ಆಗಲ್ಲ. ಟಿವಿ ಸೆಟ್ಟಿನ ಪಿಸಿಎಲ್ 82 ಕೂಡ 300 ಮಿಲಿಆಂಪಿನದು. ಯು ಅಂದರೆ ಯುವೇ ಬೇಕು.

ವೈರ್‌ಮ್ಯಾನ್ ಮಂಡ್ಯ:
ಸರಿ. ಎಸಿಯನ್ನು ಡಿಸಿ ಮಾಡುವ ಯುವೈ 85 ಜಾಗಕ್ಕೆ ಡಯೋಡ್? 1ಎನ್4007 ಹಾಕಿದವರು ಎಷ್ಟೋ ಜನ ಇದ್ದಾರೆ.

ಜಾಲಹಳ್ಳಿ ಹಳಬ:
ವಾಲ್ವ್ ಸತ್ತಿದ್ದರೆ, ಬೇರೆ ಸಿಗದಿದ್ದರೆ ಹಾಕಲಿ. ಆದರೆ ಹೀಟರ್ ಜಾಗಕ್ಕೆ 380 ಓಮ್ಸ್ ರೆಸಿಸ್ಟರ್ ಬೇಕು, 10 ವ್ಯಾಟಿನದು. ಇಲ್ಲದಿದ್ದರೆ ಉಳಿದ ವಾಲ್ವ್‌ಗೆ ವೋಲ್ಟೇಜ್ ಏರುತ್ತೆ. ಡಯೋಡಿನ ಜೊತೆಗೂ ಒಂದು ರೆಸಿಸ್ಟರ್ ಬೇಕು. ವಾಲ್ವ್ ನಿಧಾನ ಕಾದು ವೋಲ್ಟೇಜ್ ಮೆಲ್ಲಗೆ ಏರಿಸುತ್ತೆ, ಡಯೋಡ್ ಒಂದೇ ಏಟಿಗೆ ಕೊಡುತ್ತೆ. ಹಳೇ ಫಿಲ್ಟರ್ ಕಂಡೆನ್ಸರ್ ಇದ್ದರೆ ಅಲ್ಲಿಗೆ ಮುಗೀತು. ಹೊಳೆಸಾಲು ಅವರ ಯುವೈ 85 ಚೆನ್ನಾಗಿದೆ, ಈ ಮಾತೇ ಬೇಡ.

ವಾಲ್ವ್ ಸಿಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ಈ ವಾಲ್ವುಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ನಾನು ಆ ಸಾಲಿನಲ್ಲಿ ಕೆಲಸ ಮಾಡಿದವನು. ಸೂಜಿಯಷ್ಟು ಸಪೂರದ ನಿಕ್ಕಲ್ ಕೊಳವೆ, ಅದರ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಲೇಪನ. ಅದು ಕ್ಯಾಥೋಡ್, ಕಾದಾಗ ಎಲೆಕ್ಟ್ರಾನ್ ಬಿಡುತ್ತೆ. ಸುತ್ತ ಕೂದಲೆಳೆಯಂಥ ತಂತಿಯ ಗ್ರಿಡ್. ಗಾಳಿ ತೆಗೆದು ಗಾಜು ಮುಚ್ಚಿದ ಮೇಲೆ ಹೊರಗಿನಿಂದ ಕಾಯಿಲ್ ಹಿಡಿದು ಒಳಗಿನ ಗೆಟರ್ ಕಾಯಿಸಿದರೆ, ಬೇರಿಯಂ ಆವಿಯಾಗಿ ಗಾಜಿನ ನೆತ್ತಿಗೆ ಕನ್ನಡಿ ಹಾಗೆ ಕೂರುತ್ತೆ. ಉಳಿದ ಚೂರು ಗಾಳಿಯನ್ನು ಅದೇ ತಿನ್ನುತ್ತೆ. ಮೇಡಂ, ನಿಮ್ಮ ವಾಲ್ವಿನ ನೆತ್ತಿ ನೋಡಿ. ಹೊಳಪು ಇದ್ದರೆ, ಕಂದು ಬಣ್ಣ ಇದ್ದರೂ ಸರಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ.

ಹೊಳೆಸಾಲು:
ನಾಲ್ಕೂ ಹೊಳೆಯುತ್ತಿವೆ ಸರ್! ಅದರಲ್ಲಿ ಒಂದರ ಮೇಲೆ ಬಿಇಎಲ್ ಅಂತಲೇ ಇದೆ, ಅಕ್ಷರ ಸ್ವಲ್ಪ ಅಳಿಸಿದೆ.

ಜಾಲಹಳ್ಳಿ ಹಳಬ:
ಒರೆಸಬೇಡಿ! ಬಟ್ಟೆ ತಾಗಿದರೂ ಆ ಅಕ್ಷರ ಹೋಗುತ್ತೆ. ನಂಬರ್ ಹೋದರೆ ಯಾವ ವಾಲ್ವ್ ಅಂತ ಹೇಳೋದೇ ಕಷ್ಟ.

ತೀರ್ಥಹಳ್ಳಿ ತುಂಗಾ:
ನಮ್ಮ ಮನೆಯಲ್ಲಿ ಕರೆಂಟ್ ಬರೋಕೆ ಮುಂಚೆಯೇ ಬ್ಯಾಟರಿ ಸೆಟ್ ಇತ್ತು. ಇಟ್ಟಿಗೆ ಗಾತ್ರದ 90 ವೋಲ್ಟ್ ಬ್ಯಾಟರಿ. ಬೇಗ ಖಾಲಿಯಾಗುತ್ತೆ ಅಂತ ವಾರ್ತೆ ಮುಗಿದ ಕೂಡಲೇ ದೊಡ್ಡಪ್ಪ ಆಫ್ ಮಾಡೋರು. ಹಾಡು ಕೇಳಬೇಕು ಅಂದರೆ ಹಬ್ಬ ಬರಬೇಕಿತ್ತು. ಆಮೇಲೆ ಲೈಸೆನ್ಸ್ ಬೇರೆ. ಪೋಸ್ಟ್ ಆಫೀಸಿಗೆ ಹೋಗಿ ವರ್ಷವರ್ಷ ದುಡ್ಡು ಕಟ್ಟಿ ಆ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ಈಗಿನವರಿಗೆ ಹೇಳಿದರೆ ನಂಬಲ್ಲ.

ಸಾಧನಕೇರಿ:
ಖರೇ ರೀ. 80ರ ದಶಕದಾಗ ಅದನ್ನ ತಗದ್ರು. ನಮ್ಮಪ್ಪ ಆ ಪುಸ್ತಕ ರೇಷನ್ ಕಾರ್ಡಿನ ಜೋಡಿ ಕಪಾಟಿನ್ಯಾಗ ಇಡತಿದ್ರು.

ಎಸ್‌ಪಿ ರೋಡ್ ಶಿವು:
ಒಂದು ನಿಮಿಷ. ಆ ಲೈಸೆನ್ಸ್ ಪುಸ್ತಕದಲ್ಲಿ ಸೆಟ್ಟಿನ ಕಂಪನಿ, ಮಾಡೆಲ್ ಬರೆದಿರ್ತಾರೆ! ಮೇಡಂ, ಹುಡುಕಿ ನೋಡಿ. ಮಾಡೆಲ್ ಗೊತ್ತಾದರೆ ಸರ್ಕ್ಯೂಟ್ ಹುಡುಕೋದು ಸುಲಭ.

ಹೊಳೆಸಾಲು:
ಸಿಕ್ಕಿತು!! ಅಜ್ಜನ ಕಾಗದಪತ್ರದ ಟ್ರಂಕಿನಲ್ಲಿ ಇತ್ತು, 1963ರಿಂದ ಮುದ್ರೆ ಇದೆ. ಮಾಡೆಲ್ ನಂಬರ್ ಸ್ಪಷ್ಟ ಇದೆ. ಅದನ್ನು ಹಿಡಿದು ಸರ್ಕ್ಯೂಟೂ ಸಿಕ್ಕಿತು. ತುಂಗಾ ಅವರಿಗೆ, ಶಿವು ಅವರಿಗೆ ದೊಡ್ಡ ಥ್ಯಾಂಕ್ಸ್. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡಿದ್ದೇನೆ. ಅದು ಬಂದ ಮೇಲೆ ಎಲ್ಲಿಂದ ಶುರು ಮಾಡಲಿ?

ಜಾಲಹಳ್ಳಿ ಹಳಬ:
ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಒಂದು ಕಂಡೆನ್ಸರ್ ಬಿಚ್ಚಿ, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಬಿಚ್ಚಿದರೆ ದಾರಿ ತಪ್ಪುತ್ತೆ. ಚಾಸಿ ಮುಟ್ಟುವ ಮುಂಚೆ ಫಿಲ್ಟರ್ ಕಂಡೆನ್ಸರ್ ಡಿಸ್ಚಾರ್ಜ್ ಮಾಡಿ, 1 ಕಿಲೊಓಮ್ 5 ವ್ಯಾಟ್ ರೆಸಿಸ್ಟರಿನಿಂದ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸೋದು ಬೇಡ.

ಕಪ್ಲಿಂಗ್ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲು ಮಾತ್ರ ಬಿಚ್ಚಿ. ಆ ಕಾಲಿಗೂ ಚಾಸಿಗೂ ಮೀಟರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಡಿ. ಒಮ್ಮೆ ಮುಳ್ಳು ಎದ್ದು ಸೊನ್ನೆಗೆ ಬಂದರೆ ಕಂಡೆನ್ಸರ್ ಸರಿ. ವೋಲ್ಟ್ ನಿಂತರೆ ಸೋರುತ್ತಿದೆ. ಕರೆಂಟ್ ಇರುವಾಗ ಕೈ ಒಳಗೆ ಹಾಕಬೇಡಿ.

ಕುಂದಾಪ್ರ ಮಾಣಿ:
ಐಎಫ್‌ಟಿ ಸ್ಕ್ರೂ ತಿರುಗಿಸಲೇಬೇಡಿ ಮೇಡಂ. ಸ್ಟೇಷನ್ ಬರ್ತಾ ಇದೆ ಅಂದ್ಮೇಲೆ ಅದು ಸರಿ ಇದೆ. ಒಳಗಿನ ಕೋರ್ ಒಣಗಿರ್ತದೆ, ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದ್ರೆ ಸೀಳಿಹೋಗ್ತದೆ.

ಮೈಸೂರು ಪಾಕು:
ನನ್ನದೊಂದು ವಿನಂತಿ. ಹಳೇ ಕಂಡೆನ್ಸರಿನ ಕವಚ ಬಿಸಾಕಬೇಡಿ. ಒಳಗಿನದನ್ನು ತೆಗೆದು ಹೊಸ ಪಾಲಿಯೆಸ್ಟರ್ ಅದರೊಳಗೆ ಕೂರಿಸಿ, ಮೇಣ ಹಾಕಿ ಮುಚ್ಚಿ. ಕೆಳಗಿನಿಂದ ನೋಡಿದರೂ 1963ರ ಸೆಟ್ಟೇ ಕಾಣಬೇಕು.

ಎಸ್‌ಪಿ ರೋಡ್ ಶಿವು:
ಮ್ಯೂಸಿಯಮ್ಮಿಗೆ ಆದರೆ ಹಾಗೆ ಮಾಡಲಿ. ಮನೆಯಲ್ಲಿ ಹಾಡೋ ಸೆಟ್ಟಿಗೆ ಯಾಕೆ? ಮುಂದೆ ರಿಪೇರಿ ಮಾಡುವವನು ಹೊರಗಿನ ಕವಚ ನೋಡಿ ಹಳೇದೇ ಇದೆ ಅಂದುಕೊಂಡು ಮತ್ತೆ ಕೀಳ್ತಾನೆ. ಹೊಸದು ಹೊಸದಾಗೇ ಕಾಣಲಿ.

ಮೈಸೂರು ಪಾಕು:
ಒಳಗೊಂದು ಚೀಟಿ ಅಂಟಿಸಿದರಾಯಿತು, ಯಾವಾಗ ಏನು ಬದಲಾಯಿಸಿದ್ದು ಅಂತ. ನೂರು ವರ್ಷ ಉಳಿಯಬೇಕಾದ ವಸ್ತು ಇದು. ಪೆಟ್ಟಿಗೆಗೂ ಹೊಳೆಯುವ ವಾರ್ನಿಶ್ ಬಳಿಯಬೇಡಿ. ಹಳೇ ಪಾಲಿಶ್ ಮೇಲೆ ಮೆತ್ತನೆ ಬಟ್ಟೆಯಿಂದ ಮೇಣ ತಿಕ್ಕಿದರೆ ಸಾಕು.

ಎಸ್‌ಪಿ ರೋಡ್ ಶಿವು:
ಚೀಟಿ ಅಂಟಿಸೋದಕ್ಕೆ ನನ್ನ ಒಪ್ಪಿಗೆ ಇದೆ. ಕವಚದ ಮಾತಿಗೆ ಇಲ್ಲ.

ಹೊಳೆಸಾಲು:
ಟ್ರಾನ್ಸ್‌ಫಾರ್ಮರ್ ಬಂತು, ಇವತ್ತು ಕೂತೆ. ಬಿಚ್ಚಿದ ಕಾಲಿನಲ್ಲಿ ಶುರುವಿಗೆ 15 ವೋಲ್ಟ್ ನಿಂತಿತ್ತು. ಕಾಯುತ್ತಾ ಕಾಯುತ್ತಾ 30 ದಾಟಿತು! ಹಳಬ ಸರ್ ಹೇಳಿದ ಹಾಗೇ. 0.01 ಹೊಸದು ಹಾಕಿದೆ. ಫಿಲ್ಟರ್ ಎರಡು, ಏರಿಯಲ್ಲಿಗೆ ವೈ ಕಂಡೆನ್ಸರ್, ಮೇನ್ಸ್‌ಗೆ ಎಕ್ಸ್2, ಉಳಿದ ಪೇಪರ್ ಕಂಡೆನ್ಸರೂ ಬದಲಾಯಿಸಿದೆ. ಕೆಲವು ರೆಸಿಸ್ಟರ್ ಬರೆದದ್ದಕ್ಕಿಂತ ಬಹಳ ಮೇಲೆ ಹೋಗಿದ್ದವು, ಅವನ್ನೂ ತೆಗೆದೆ.

ಈಗ ಪೆಂಟೋಡಿನ ಕ್ಯಾಥೋಡಿನಲ್ಲಿ 11 ವೋಲ್ಟ್, ಒಂದು ಗಂಟೆ ಹಾಡಿದರೂ ಅಲ್ಲೇ ಇದೆ. ಗುಂಯ್ ಅನ್ನೋದು ಇಲ್ಲ. ವಾಸನೆ ಇಲ್ಲ. ಅಜ್ಜಿ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಏಳುತ್ತಿಲ್ಲ.

ಸಾಧನಕೇರಿ:
ಭಾರಿ ಮಾಡಿದ್ರಿ ತಂಗಿ! ಅಜ್ಜಿಗೆ ನಮಸ್ಕಾರ ಹೇಳ್ರಿ.

ಚಿಕ್ಕಪೇಟೆ ಕಿಟ್ಟಿ:
ಒಳ್ಳೇದಾಯ್ತು, ನಿಜಕ್ಕೂ ಖುಷಿ. ಈಗ ಹಿಂದುಗಡೆ ಗ್ರಾಮಫೋನ್ ಪಿಕಪ್ ಸಾಕೆಟ್ ಇದ್ದರೆ ಅದಕ್ಕೆ ಫೋನಿನ ವೈರ್ ಸಿಕ್ಕಿಸಿ. ಕಿಟ್ ಇಲ್ಲದೆಯೇ ಹಳೇ ಹಾಡು ಬೇಕಾದ್ದು ಕೇಳಬಹುದು.

ಜಾಲಹಳ್ಳಿ ಹಳಬ:
ನಿಲ್ಲಿ ನಿಲ್ಲಿ! ಎಸಿ-ಡಿಸಿ ಸೆಟ್ಟಿನ ಪಿಕಪ್ ಸಾಕೆಟ್ಟೂ ಚಾಸಿಗೆ ಸೇರಿದ್ದು. ಫೋನಿನ ಲೋಹದ ಅಂಚಿಗೆ ಫೇಸ್ ಬಂದರೆ ಕೈಯಲ್ಲಿ ಹಿಡಿದವರ ಗತಿ? ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಾಯಂ ಆಗಿ ಸೆಟ್ಟಿನ ಜೊತೆಗೇ ಇರಲಿ. ಅದಿಲ್ಲದೆ ಆ ಸಾಕೆಟ್ಟಿಗೆ ಏನೂ ಸಿಕ್ಕಿಸಬೇಡಿ. ಇ ಸಾಲಿನ ವಾಲ್ವಿನ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನ ವಿಷಯ ಬೇರೆ.

ಹೊಳೆಸಾಲು:
ಕಾಯಂ ಇಡ್ತೇವೆ ಸರ್. ಕೊನೆಯದೊಂದು ಪ್ರಶ್ನೆ. ಟ್ಯೂನಿಂಗ್ ನಾಬ್ ತಿರುಗಿಸಿದರೆ ಮುಳ್ಳು ಒಮ್ಮೊಮ್ಮೆ ನಿಂತಲ್ಲೇ ನಿಲ್ಲುತ್ತೆ. ದಾರ ಸಡಿಲ ಆಗಿದೆ. ಮೀನಿನ ಗಾಳದ ದಾರ ಹಾಕಲಾ?

ಕುಂದಾಪ್ರ ಮಾಣಿ:
ಗಾಳದ ದಾರ ನುಣುಪು, ಜಾರ್ತದೆ, ಎಳೀತದೆ ಕೂಡ. ಹೆಣೆದ ದಾರ ಬೇಕು. ಮೊದಲು ಡ್ರಮ್ಮಿನ ಒಳಗಿನ ಸ್ಪ್ರಿಂಗ್ ನೋಡಿ, ಎಷ್ಟೋ ಸಲ ದಾರ ಸರಿ ಇದ್ದು ಸ್ಪ್ರಿಂಗ್ ಸೋತಿರ್ತದೆ. ಬಿಚ್ಚೋ ಮುಂಚೆ ದಾರ ಎಷ್ಟು ಸುತ್ತು, ಯಾವ ಕಡೆಯಿಂದ ಅಂತ ಚಿತ್ರ ಬರೆದಿಟ್ಟುಕೊಳ್ಳಿ. ಶಾಫ್ಟಿಗೆ ಎಣ್ಣೆ ಹಾಕುವಾಗ ದಾರಕ್ಕೆ ತಾಗಬಾರದು.

ತೀರ್ಥಹಳ್ಳಿ ತುಂಗಾ:
ಇದನ್ನೆಲ್ಲ ಓದಿ ನಾನೂ ದೊಡ್ಡಪ್ಪನ ಬ್ಯಾಟರಿ ಸೆಟ್ ಕೆಳಗಿಳಿಸಿದೆ. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96 ಅಂತ ಇದೆ. 90 ವೋಲ್ಟ್ ಬ್ಯಾಟರಿ ಈಗ ಎಲ್ಲಿ ಸಿಗುತ್ತೆ?

ಎಸ್‌ಪಿ ರೋಡ್ ಶಿವು:
ರೆಡಿಮೇಡ್ ಸಿಗೋದು ಕಷ್ಟ. 9 ವೋಲ್ಟಿನ ಹತ್ತು ಬ್ಯಾಟರಿ ಸೀರೀಸಲ್ಲಿ ಹಾಕಿದರೆ 90 ಆಯ್ತು. ಫಿಲಮೆಂಟ್‌ಗೆ ಬೇರೆ ಬ್ಯಾಟರಿ. ಅವೆರಡು ಅದಲುಬದಲಾದರೆ ನಾಲ್ಕೂ ವಾಲ್ವ್ ಒಂದೇ ಕ್ಷಣಕ್ಕೆ ಹೋಗುತ್ತೆ. ಹೊಸ ಚರ್ಚೆ ಶುರು ಮಾಡಿ, ಹಿಂದುಗಡೆಯ ಫೋಟೊ ಹಾಕಿ. ಫೋಟೊ ನೋಡುವ ತನಕ ಯಾವ ವೈರೂ ಜೋಡಿಸಬೇಡಿ.